ಸೀಳುತುಟಿಯ ದೊರೆಗೆ ನೀವು ಮೆತ್ತಿಸಿದ ಗಾರೆ

ವಸ್ತುಸಂಗ್ರಹಾಲಯದ ನಿರ್ದೇಶಕರಾದ ಮಾನ್ಯರೇ,

ನನ್ನ ಅಕ್ಷರ ಕೆಟ್ಟದಾಗಿದೆ, ಕಾಗುಣಿತವೂ ತಪ್ಪಿರಬಹುದು. ಓದಿದ್ದು ಪ್ರಾಥಮಿಕ ಶಾಲೆಯಷ್ಟೇ, ಕ್ಷಮಿಸಿ. ನೀವು ಮಾಡಿದ್ದನ್ನು ಮಾತ್ರ ನಾನು ಕ್ಷಮಿಸಲಾರೆ. ನಿಮ್ಮ ಎರಡನೆಯ ಕೋಣೆಯಲ್ಲಿರುವ ದೊರೆಯ ಮುಖದಂತೆ ಮಾಡಿದ ಮಣ್ಣಿನ ಹೂಜಿಯ ಸೀಳುತುಟಿಗೆ ಗಾರೆ ಮೆತ್ತಿಸಿ, ಬಣ್ಣ ಬಳಿಸಿ, ಸರಿ ಮಾಡಿಸಿದ್ದೀರಿ.

ಸರಿ ಮಾಡಿಸಿದಿರಂತೆ! ಸಾವಿರದೈನೂರು ವರ್ಷಗಳ ಹಿಂದೆ ನಮ್ಮ ಮೋಚೆ ಕಣಿವೆಯ ಕುಂಬಾರರು ಆ ದೊರೆಯನ್ನು ಕಂಡಂತೆಯೇ ಮಾಡಿದರು. ತಲೆಗೆ ಹಕ್ಕಿ ಚಿತ್ರದ ಪಟ್ಟಿ, ಕಿವಿಗೆ ಓಲೆ, ತುಟಿಗೆ ಸೀಳು. ಮುಚ್ಚಿಡಿ ಎಂದು ಅವನು ಹೇಳಿದಂತಿಲ್ಲ. ಅವನಿಗಿಲ್ಲದ ನಾಚಿಕೆ ನಿಮಗೆಲ್ಲಿಂದ ಬಂತು?

ನನ್ನ ಅಕ್ಕನ ಮಗಳು ಎಲ್ವಿತಾಳದೂ ಸೀಳುತುಟಿ. ಬಸುರಿ ಅಕ್ಕ ಗ್ರಹಣದಲ್ಲಿ ಹೊರಗೆ ಬಂದಳು, ಚಂದ್ರ ಮಗುವಿನ ತುಟಿ ತಿಂದ ಎಂದು ನಮ್ಮ ಬೀದಿಯವರು ಇಂದಿಗೂ ಅಕ್ಕನನ್ನೇ ದೂರುತ್ತಾರೆ. ಆಸ್ಪತ್ರೆಯಲ್ಲಿ ಹೊಲಿಸಿದರೂ ಗುರುತು ಉಳಿದಿದೆ. ಎಲ್ವಿತಾ ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. ಹೋದ ವರ್ಷ, ಪುಕ್ಕಟೆ ಪ್ರವೇಶದ ಭಾನುವಾರ, ನಮ್ಮಮ್ಮ ಅವಳನ್ನು ಆ ಹೂಜಿಯ ಮುಂದೆ ನಿಲ್ಲಿಸಿದಳು.

"ನೋಡೇ, ಇವನ ತುಟೀನೂ ಚಂದ್ರ ತಿಂದಿದ್ದಾನೆ. ಆದ್ರೂ ದೊರೆ. ನಮ್ಮ ಬೀದಿಯೋರು ಇವನ ಮುಂದೆ ಉಸಿರೆತ್ತುತಿದ್ರಾ?"

ಎಲ್ವಿತಾ ನಕ್ಕಳು. ಕೈ ಕೆಳಗಿಳಿಯಿತು. ಅಂದಿನಿಂದ 'ನನ್ನ ದೊರೆ'ಯನ್ನು ನೋಡಬೇಕೆಂದು ತಿಂಗಳಿಗೊಮ್ಮೆ ಹಟ.

ಕಳೆದ ಸಲ ಹೋದಾಗ ಗಾಜಿನೊಳಗೆ ಅವನ ತುಟಿ ಮೊಟ್ಟೆಯ ಹಾಗೆ ನುಣ್ಣಗಿತ್ತು. ನಮ್ಮಮ್ಮ ಇದೇನೆಂದು ಕಾವಲುಗಾರನನ್ನು ಕೇಳಿದಳು.

"ಹೊಸ ಪೋಸ್ಟರಲ್ಲಿ ಅಸಹ್ಯ ಕಾಣುತ್ತೆ ಅಂತ ಸಾಹೇಬ್ರೇ ತುಂಬಿಸಿದ್ರಮ್ಮ" ಎಂದ ಆತ.

ಎಲ್ವಿತಾ ಕೇಳಿಸಿಕೊಂಡಳು. "ಚಿಕ್ಕಿ, ನಂದೂ ಅಸಹ್ಯಾನಾ?" ಎಂದಳು. ಕೈ ಮತ್ತೆ ಬಾಯಿಗೆ ಹೋಯಿತು.

ಅವಳಿಗೆ ಏನು ಹೇಳಲಿ, ನೀವೇ ತಿಳಿಸಿ. ಪಕ್ಕದ ಗಾಜಿನಲ್ಲಿ ಒಕ್ಕಣ್ಣನೊಬ್ಬನಿದ್ದಾನೆ, ಅವನಿಗೂ ಕಣ್ಣು ಕೊಡಿಸುತ್ತೀರಾ? ಆಚೆಯ ಮುದುಕನ ಸುಕ್ಕುಗಳಿಗೆ ಇಸ್ತ್ರಿ ಹಾಕಿಸುತ್ತೀರಾ? ಬಸ್ ನಿಲ್ದಾಣದಲ್ಲಿ ನಿಮ್ಮ ಪೋಸ್ಟರ್ ಕಂಡಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ತುಟಿಯನ್ನು ನೋಡಿ ಅಲ್ಲ, ಗಾರೆಯನ್ನು ನೋಡಿ.

ಅದನ್ನು ತೆಗೆಸಿ. ಯಾಕೆ ತೆಗೆಸಿದಿರೆಂದು ಬಾಗಿಲಲ್ಲಿ ಬರೆದು ಹಾಕಿ. ಮುಂದಿನ ಪುಕ್ಕಟೆ ಭಾನುವಾರ ಅವಳನ್ನು ಕರೆದುಕೊಂಡು ಬರುತ್ತೇನೆ.

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಹಸಿ ಮಣ್ಣಿನಿಂದ ಒಂದು ತಲೆ ಮಾಡಿ, ಮೀನಿನ ಮುಳ್ಳಿನಿಂದ ತುಟಿ ಸೀಳಿ, ಎಲ್ವಿತಾಳಿಗೆ ಕೊಟ್ಟೆ. ಭಾರವಾಗಿತ್ತು. ಹಿಡಿಯಲು ಅವಳಿಗೆ ಎರಡೂ ಕೈ ಬೇಕಾಯಿತು.

ಇಂತಿ,
ನೀವಿನ್ನೂ ತಿದ್ದದೆ ಬಿಟ್ಟಿರುವ ಮುಖದವಳು,
ಡೊರಾಲಿಸಾ ಪಿಮಿಂಚುಮೊ