ಮೂರನೆಯ ಹಕ್ಕಿ

ಏಪ್ರಿಲ್ 4, 2022. ಸೋಮವಾರ

ಇವತ್ತು ನೂರಾ ಹನ್ನೆರಡು ವಿಡಿಯೋ ಕ್ಲಿಪ್. ಘಾನಾದ ಮಳೆಕಾಡು. ಬಂಡೆಯ ಚಾಚಿನ ಕೆಳಗೆ ಅಂಟಿಸಿದ ಮಣ್ಣಿನ ಗೂಡುಗಳು, ಬೋಳು ಹಳದಿ ತಲೆಯ ಬಂಡೆಹಕ್ಕಿಗಳು. ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಇಲ್ಲಿ ಅಮೆರಿಕದ ರಾಲಿಯಲ್ಲಿ ಕೂತು ನನ್ನ ಕೆಲಸ ಇಷ್ಟೇ — ನೋಡು, ಲೇಬಲ್ ಹಾಕು, ಮುಂದಿನದು. ಕಾರಿನ ಮೇಲೆ ಪೈನ್ ಮರದ ಪರಾಗ, ಅರಿಶಿನ ಚೆಲ್ಲಿದ ಹಾಗೆ. ತೊಳೆಯಲಿಲ್ಲ.

ಏಪ್ರಿಲ್ 6

ನನ್ನ ಪ್ರೊಫೆಸರ್ ಶರ್ಮಿಳಾ, ಮಂಗಳೂರಿನವರು, ಇವತ್ತು ಹೊಗಳಿದರು. ಅಪರೂಪ. ತಂದೆತಾಯಿ ಬಿಟ್ಟು ಗೂಡಿಗೆ ಬರುವ ಮೂರನೆಯ ಹಕ್ಕಿಗೆ 'ಸಹಾಯಕ' ಎಂದು ಲೇಬಲ್ ಹಾಕಿದ್ದೆ. ಹನ್ನೊಂದು ಗೂಡುಗಳಲ್ಲಿ. ನಮ್ಮ ಸಂಶೋಧನಾ ಪೇಪರ್ ನಿಂತಿರುವುದೇ ಅದರ ಮೇಲಂತೆ. ಜೂನ್‌ನಲ್ಲಿ ನನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗುವುದೂ ಸುಲಭವಂತೆ.

ಇದರಲ್ಲಿ ಕಂಡುಹಿಡಿಯುವಂಥದ್ದೇನಿದೆ? ಮರಿ ಹುಟ್ಟಿದ ಮನೆಗೆ ಬಾಣಂತನಕ್ಕೆ ಚಿಕ್ಕಮ್ಮನೋ ಅಜ್ಜಿಯೋ ಬಂದೇ ಬರುತ್ತಾರೆ. ಅಟ್ಲಾಂಟಾದಲ್ಲಿ ಅಕ್ಕನಿಗೆ ಅಮ್ಮ ಆರು ತಿಂಗಳು ಮಾಡಿದರು.

ಏಪ್ರಿಲ್ 12, ಮಧ್ಯಾಹ್ನ 2

ಪೇಪರ್‌ಗೆ ಒಂದು ಒಳ್ಳೆಯ ಫೋಟೋ ಬೇಕಿತ್ತು. ಎರಡನೆಯ ಗೂಡಿನ ಕ್ಲಿಪ್‌ಗಳನ್ನು ಮೊದಲ ಸಲ ಸಾಲಾಗಿ ನೋಡಿದೆ. ಇದುವರೆಗೆ ಸಿಸ್ಟಮ್ ಕೊಟ್ಟಂತೆ, ಹಿಂದುಮುಂದಾಗಿ ನೋಡಿದ್ದೆ. ತಂದೆತಾಯಿ ಇರುವೆಸಾಲಿನ ಹಿಂದೆ ಹುಳ ಹಿಡಿಯಲು ಹೋಗಿವೆ. ಮೂರನೆಯದು ಬಂತು. ಬಗ್ಗಿತು. ಇಷ್ಟು ನೋಡಿಯೇ ನಾನು 'ಸಹಾಯಕ' ಎಂದು ಲೇಬಲ್ ಹಾಕಿದ್ದು. ಅದರ ಮುಂದಿನ ಕ್ಲಿಪ್‌ನಲ್ಲಿ ಮರಿಯ ಕುತ್ತಿಗೆ ಹಿಡಿದೆಳೆದು ಬಂಡೆಯಿಂದ ಕೆಳಕ್ಕೆ ಎಸೆಯಿತು. ಆಮೇಲೆ ಇನ್ನೊಂದನ್ನು.

ಬಾಣಂತನವಂತೆ, ಬಾಣಂತನ. ನನ್ನ ಬುದ್ಧಿಗಿಷ್ಟು...

ಅದೇ ದಿನ, ಸಂಜೆ

ರೂಮ್‌ಮೇಟ್ ಮೈಥಿಲಿಗೆ ಹೇಳಿದೆ.

"ಪೇಪರ್ ಶುಕ್ರವಾರ ಸಬ್ಮಿಟ್ ಆಗತ್ತೆ ತಾನೆ? ಸುಮ್ನಿದ್ಬಿಡು. ಆ ಕಾಡಿಗೆ ಹೋಗಿ ಯಾರು ಚೆಕ್ ಮಾಡ್ತಾರೆ?"

"ವಿಡಿಯೋ ಇದ್ಯಲ್ಲ."

"ನಿನ್ ವೀಸಾನೂ ಇದೆ. ಕೆಲಸ ಹೋದ್ರೆ ಅರವತ್ತು ದಿನದಲ್ಲಿ ದೇಶ ಬಿಡ್ಬೇಕು ಕಣೇ, ಅಷ್ಟೇ."

ಅವಳು ಹೇಳುವುದು ಸುಳ್ಳಲ್ಲ. ಭಯವಾಗುತ್ತಿದೆ.

ಏಪ್ರಿಲ್ 15, ಶುಕ್ರವಾರ. ಬೆಳಗ್ಗೆ 9

ಆರು ಗೂಡು ಸಾಲಾಗಿ ನೋಡಿ ಮುಗಿಸಿದೆ. ಆರರಲ್ಲೂ ಅದೇ. ಶರ್ಮಿಳಾ ಅವರಿಗೆ ಫೋನ್ ಮಾಡಿ ಹೇಳಿಬಿಟ್ಟೆ.

"ಪೇಪರ್ ನಿಲ್ಲಿಸ್ತೇನೆ," ಅಂದರು. "ನಿನ್ನ ಕಾಂಟ್ರ್ಯಾಕ್ಟ್... ಈಗ ಮಾತು ಕೊಡ್ಲಿಕ್ಕೆ ಆಗುದಿಲ್ಲ."

"ಗೊತ್ತು."

"ಉಳಿದ ಐದು?"

"ಒಂದಾದ್ರೂ ನಿಜವಾದ ಸಹಾಯಕ ಇರಬೋದು. ನೋಡ್ತಿದ್ದೀನಿ."

"ನೋಡು. ನಾನು ಲೈನಲ್ಲೇ ಇರ್ತೇನೆ."

ಫೋನ್ ಸ್ಪೀಕರ್‌ನಲ್ಲಿದೆ. ನೋಡುತ್ತಲೇ ಇದನ್ನು ಬರೆಯುತ್ತಿದ್ದೇನೆ. ಏಳನೆಯ ಗೂಡು. ಎರಡು ಮರಿ, ಬಾಯಿ ತೆರೆದಿವೆ. ಮೂರನೆಯದು ಬಂದು ಅಂಚಿನ ಮೇಲೆ ಕೂತಿತು. ಕೊಕ್ಕಿನಲ್ಲಿ ಏನೋ ಇದೆ. ಹುಳವಿರಬಹುದು. ಹುಳವೇ ಆಗಿರಲಿ. "ಏನಾಯ್ತು?" ಎನ್ನುತ್ತಿದ್ದಾರೆ ಶರ್ಮಿಳಾ. ಬಗ್ಗುತ್ತಿದೆ —