ಸುತ್ತಿಗೆಯ ಸದ್ದು

ಮಾನ್ಯ ಗ್ರಂಥಪಾಲಕರಿಗೆ ನಮಸ್ಕಾರ.

ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಿನ ಮಾಜಿ ಸೈನಿಕರ ನೆನಪುಗಳನ್ನು ರೆಕಾರ್ಡ್ ಮಾಡುತ್ತಿದ್ದೇವಲ್ಲ, ಅದರಲ್ಲಿ ಟ್ರಂಕ್ ರಿಪೇರಿ ತಾತನ ಮಾತಿಗಿಂತ ಸುತ್ತಿಗೆಯ ಸದ್ದೇ ಜಾಸ್ತಿ ಎಂದಿರಿ. ಗ್ರಂಥಾಲಯಕ್ಕೆ ಕರೆಸಿ ಮತ್ತೆ ಮಾಡಿ, ಇಲ್ಲವೇ ಅವರನ್ನು ಕೈಬಿಡಿ ಎಂದಿರಿ. ಕರೆತಂದೆ. ಫ್ಯಾನನ್ನೂ ನಿಲ್ಲಿಸಿದೆ. ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಏನ್ ಹೇಳ್ಲಮ್ಮಾ, ಹೋದ್ವಿ, ಬಂದ್ವಿ. ಇಲ್ಲಿ ಕೂತ್ರೆ ಡಾಕ್ಟ್ರ ಮುಂದೆ ಕೂತ ಹಾಗಿದೆ," ಎಂದು ನಕ್ಕು ಎದ್ದುಬಿಟ್ಟರು.

ಅಂಗಡಿಯಲ್ಲಿ ಹಾಗಲ್ಲ. ತಗ್ಗು ಬಿದ್ದ ಟ್ರಂಕುಗಳನ್ನು ತಟ್ಟುತ್ತಾ ತಾವಾಗಿಯೇ ಮಾತಾಡುತ್ತಾರೆ. ಜೊತೆಯಲ್ಲಿ ಯುದ್ಧಕ್ಕೆ ಹೋದ ಗೆಳೆಯನ ಗೊರಕೆಯನ್ನು ಅಣಕಿಸುತ್ತಾರೆ. ಗಾಯಗೊಂಡ ಅವನನ್ನು ಹೊತ್ತು ಹೊಳೆ ದಾಟಿದ್ದನ್ನು ಹೇಳುವಾಗಲೂ ಕೈ ಓಡುತ್ತಲೇ ಇತ್ತು.

"ಮೆತ್ತಗೆ ಇಳಿಸ್ದೆ. ಏಳೋ ಗೊರಕಪ್ಪ, ದಡ ಬಂತು ಅಂದೆ."

ಅಲ್ಲಿ ಸುತ್ತಿಗೆ ನಿಂತಿತು. ಆಮೇಲೆ ಬಹಳ ಹೊತ್ತು ಬೀದಿಯ ಸದ್ದು ಮಾತ್ರ ಇದೆ.

ದಯವಿಟ್ಟು ಅಂಗಡಿಯ ರೆಕಾರ್ಡಿಂಗನ್ನೇ ಇಟ್ಟುಕೊಳ್ಳಿ. ಸುತ್ತಿಗೆಯ ಸದ್ದನ್ನು ತೆಗೆಸಬೇಡಿ. ತೆಗೆಸಿದರೆ, ಅದು ನಿಂತದ್ದು ಯಾರಿಗೂ ಕೇಳಿಸುವುದಿಲ್ಲ.

ಇತಿ,
ಭಾನುವಾರಗಳಂದು ರೆಕಾರ್ಡರ್ ಹಿಡಿದು ಬರುವ ಹುಡುಗಿ