ಅಮ್ಮನ ತಟ್ಟೆ ಸ್ಟ್ಯಾಂಡ್

ಮೈ ಡಿಯರ್ ಮಗಳೇ,

ಪಕ್ಕದ ಕೋಣೆಯಲ್ಲೇ, ಗೋಡೆಯಾಚೆ ಇರುವ ನಿನಗೆ ಕಾಗದ ಬರೆಯುವುದು ತಮಾಷೆಯೇ. ಬಾಯಲ್ಲಿ ಹೇಳಹೋದರೆ "ಅಪ್ಪಾ ಮೆಲ್ಲಗೆ, ಮಗು ಮಲಗಿದೆ" ಅನ್ನುತ್ತೀಯ.

ವಿತ್ ರೆಫರೆನ್ಸ್ ಟು ಗಿಟಾರು. ನಿನ್ನಮ್ಮ ಹೋದಮೇಲೆ ನನ್ನ ಜೊತೆ ನಿಮ್ಮಲ್ಲಿಗೆ ಬಂದ ಅದರ ಹಳೇ ವಾಲ್ವ್ ಆಂಪ್ಲಿಫೈಯರ್ ಈ ಫ್ಲಾಟಿಗೆ ಜೋರಾಯಿತೆಂದು ಅಳಿಯಂದಿರು ಯಾರಿಗೋ ಕೊಟ್ಟು, ಈ ಡಿಜಿಟಲ್ ಡಬ್ಬಿ ತಂದರು. ತಪ್ಪು ಹೇಳುವುದಿಲ್ಲ. ಹಳೇ ಆಂಪುಗಳ ದನಿಯೆಲ್ಲ ಇದರಲ್ಲಿದೆಯಂತೆ. ಎಂಟು ತಿಂಗಳಿಂದ ಹೆಡ್‌ಫೋನ್ ಹಾಕಿಕೊಂಡು ನನ್ನ ಆಂಪಿನ ದನಿ ಹುಡುಕುತ್ತಿದ್ದೇನೆ. ದನಿ ಒರಟಾಗಿಸುವ ಗೇನ್ ಇಳಿಸಿದೆ, ಕೀಚಲು ಕತ್ತರಿಸಿದೆ, ಗುಂಯ್ ಅನ್ನುವುದನ್ನೂ ಬೇಕೆಂದೇ ಸೇರಿಸಿದೆ. ಆದರೂ ಏನೋ ಕಮ್ಮಿ. ಕಿವಿಯೊಳಗೇ ಹುಟ್ಟಿ ಕಿವಿಯೊಳಗೇ ಸಾಯುತ್ತದೆ.

ಮೊನ್ನೆ ನೀನು ಪಾತ್ರೆ ಜೋಡಿಸುವ ಸದ್ದು ಕೇಳಿ ಹೊಳೆಯಿತು. ನಮ್ಮ ಹಳೇ ಮನೆಯಲ್ಲಿ ದಪ್ಪ ತಂತಿ ಮೀಟಿದರೆ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ನಿನ್ನಮ್ಮನ ಸ್ಟೀಲ್ ತಟ್ಟೆಗಳು ಝಣಗುಟ್ಟುತ್ತಿದ್ದವು. "ರೀ, ತಟ್ಟೆಗಳೂ ತಾಳ ಹಾಕ್ತಿವೆ, ಸಾಕು ಮಾಡಿ!" ಅಂತ ಗೋಡೆ ಕುಟ್ಟುತ್ತಿದ್ದಳು. ಅದನ್ನೂ ಆಂಪಿನ ಟೋನ್ ಅಂದುಕೊಂಡಿದ್ದೆ, ಫೂಲ್.

ಹಾಗಾಗಿ, ಐ ಬೆಗ್ ಟು ರಿಕ್ವೆಸ್ಟ್: ಅಟ್ಟದಲ್ಲಿರುವ ಅವಳ ತಟ್ಟೆ ಸ್ಟ್ಯಾಂಡ್ ಇಳಿಸಿ, ತಟ್ಟೆ ಜೋಡಿಸಿ ಅಡುಗೆಮನೆಯಲ್ಲಿಡು. ಭಾನುವಾರ ಅಳಿಯಂದಿರು ಮಗುವನ್ನು ತಿರುಗಾಡಿಸಲು ಒಯ್ದಾಗ, ಡಬ್ಬಿಯನ್ನು ಸ್ಪೀಕರಿಗೆ ಸಿಕ್ಕಿಸಿ ಹತ್ತೇ ನಿಮಿಷ ನುಡಿಸುತ್ತೇನೆ. ನೀನು ಅಲ್ಲೇ ಇರು. ಜೋರಾಯಿತೆನಿಸಿದರೆ ಗೋಡೆ ಕುಟ್ಟು.

ಜೋರಾಗದಿದ್ದರೂ ಒಂದು ಸಲ ಕುಟ್ಟು.

ಯುವರ್ಸ್ ಒಬೀಡಿಯೆಂಟ್ಲಿ,
ಅಪ್ಪ